ಸೋಫಾದ ಅಡಿಯ ಚೀಟಿ

ಸಂಪಾದಕರಿಗೆ ನಮಸ್ಕಾರ.

ನಾನು ಮೈಸೂರಿನಲ್ಲಿ ಮೂವತ್ತು ವರ್ಷದಿಂದ ಕುಶನ್ ಕೆಲಸ ಮಾಡುವವನು. ಕಳೆದ ವರ್ಷ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಕಸುಬಿನ ಚಟ, ಸೋಫಾ ಕಂಡರೆ ಬಗ್ಗಿ ಅಡಿ ನೋಡದೆ ಇರಲಾರೆ. ಅಲ್ಲಿ ಎರಡಿದ್ದವು. ಯಾರೋ ಮನೆ ಖಾಲಿ ಮಾಡುವಾಗ ಅಗ್ಗಕ್ಕೆ ಕೊಟ್ಟ ಹಳೇದು ಒಂದು, ಹೊಸದು ಒಂದು. ಹಳೇದರ ಚೀಟಿಯಲ್ಲಿ ‘ಟಿಬಿ 117’ ಅನ್ನುವ ಆ ರಾಜ್ಯದ ಬೆಂಕಿ ನಿಯಮಕ್ಕೆ ಸರಿಯಾಗಿದೆ ಅಂತ ಮಾತ್ರ ಇತ್ತು. ಹೊಸದರಲ್ಲಿ ಎರಡು ಚೌಕ: ಬೆಂಕಿ ತಡೆಯುವ ರಾಸಾಯನಿಕ ಇದೆ, ಇಲ್ಲ. ‘ಇಲ್ಲ’ ಅನ್ನುವುದಕ್ಕೆ ಗುರುತು ಹಾಕಿದ್ದರು.

ಅಳಿಯಂದಿರು ಅದರ ಕಥೆ ಹೇಳಿದರು. 1975ರ ಆ ನಿಯಮದಂತೆ ಫೋಮ್ 12 ಸೆಕೆಂಡು ಉರಿ ತಾಳಬೇಕಿತ್ತು. ಅದಕ್ಕೆ ಕಂಪನಿಗಳು ರಾಸಾಯನಿಕ ಬೆರೆಸಿದವು. ಕ್ಲೋರಿನೇಟೆಡ್ ಟ್ರಿಸ್ ಅಂತ ಒಂದು. 1970ರ ದಶಕದಲ್ಲೇ ಮಕ್ಕಳ ರಾತ್ರಿ ಬಟ್ಟೆಗೆ ಬೇಡ ಅಂತ ಬಿಟ್ಟಿದ್ದನ್ನು ಸೋಫಾಕ್ಕೆ ಹಾಕಿದರಂತೆ! ಅದು ಫೋಮಿಗೆ ಅಂಟಿ ಕೂರುವುದಿಲ್ಲ, ಧೂಳಿನ ಜೊತೆ ಹೊರಗೆ ಬರುತ್ತದೆ. ಅಂಬೆಗಾಲಿಡುವ ಮಗು ಅದೇ ಕೈಯನ್ನು ಬಾಯಿಗೆ ಹಾಕುತ್ತದೆ ಅಲ್ವಾ? 2011ರಲ್ಲಿ ಆ ರಾಜ್ಯ ಇದನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಪಟ್ಟಿಯಲ್ಲಿರುವುದನ್ನು ಎಚ್ಚರಿಕೆ ಕೊಡದೆ ಮಾರಿದರೆ ದಿನಕ್ಕೆ 2,500 ಡಾಲರ್ ತನಕ ದಂಡ. ಓಕ್ಲೆಂಡಿನ ಸೆಂಟರ್ ಫಾರ್ ಎನ್ವಿರಾನ್‌ಮೆಂಟಲ್ ಹೆಲ್ತ್ ಅನ್ನುವ ಸಂಸ್ಥೆ ಕೇಸು ಹಾಕಿತು. ಹಲವು ಕಂಪನಿಗಳು ರಾಜಿಗೆ ಬಂದು, ಟ್ರಿಸ್ ಬಿಡಲು ಒಪ್ಪಿದವು.

ಆ ಕಾನೂನಿನಂತೆ ದಂಡದಲ್ಲಿ ಮುಕ್ಕಾಲು ಪಾಲು ಸರ್ಕಾರಕ್ಕೆ, ಕಾಲು ಪಾಲು ಕೇಸು ಹಾಕಿದವರಿಗೆ. ಸೋಫಾ ಕೊಂಡವರಿಗೆ ದಂಡದಲ್ಲಿ ಪಾಲಿಲ್ಲ. ಹಳೇ ಸೋಫಾ ಅವರ ಮನೆಯಲ್ಲೇ ಉಳಿಯಿತು. ಮಗಳ ಮನೆಯದಕ್ಕೆ ನಾನೇ ಫೋಮ್ ಬದಲಾಯಿಸಿದೆ. “ಅಪ್ಪಾ, ಇಲ್ಲಿಗೆ ಬಂದೂ ಅದೇ ಕೆಲಸಾನಾ?” ಅಂತ ನಕ್ಕಳು.

ಆದರೂ ಆ ಚೌಕದ ಚೀಟಿ ನನಗೆ ಬಹಳ ಹಿಡಿಸಿತು. 2015ರಲ್ಲಿ ಅಲ್ಲಿ ಅದನ್ನು ಕಡ್ಡಾಯ ಮಾಡಿದರು. ಇದ್ದರೆ ಇದೆ ಅನ್ನಿ, ಇಲ್ಲದಿದ್ದರೆ ಇಲ್ಲ ಅನ್ನಿ, ಅಷ್ಟೇ. ನನ್ನ ಅಂಗಡಿಗೆ ಬರುವ ಫೋಮಿನ ದಪ್ಪ, ಡೆನ್ಸಿಟಿ ಕೇಳಿದರೆ ಮಾರುವವರು ಹೇಳುತ್ತಾರೆ. ಊರಿಗೆ ಬಂದ ಮೇಲೆ, ಒಳಗೆ ಏನು ಬೆರೆಸಿದ್ದಾರೆ ಅಂತಲೂ ಕೇಳಿದೆ. “ಮೂವತ್ತು ವರ್ಷ ಕೇಳದವರು ಈಗ್ಯಾಕೆ ಕೇಳ್ತೀರಿ ಸ್ವಾಮಿ?” ಅಂದರು. ಹಳೇ ಕುಶನ್ ಬಿಚ್ಚಿದಾಗ ಪುಡಿಯಾದ ಫೋಮ್ ಮೊದಲು ಹೋಗುವುದು ನನ್ನ ಮೂಗಿಗೆ, ಆಮೇಲೆ ನನ್ನ ಕೈಕೆಳಗಿನ ಇಬ್ಬರು ಹುಡುಗರ ಮೂಗಿಗೆ. ಅದಕ್ಕೇ ಕೇಳುತ್ತಿದ್ದೇನೆ. ನಮ್ಮ ಫೋಮಿಗೂ ಅಂಥದ್ದೊಂದು ಚೀಟಿ ಅಂಟಿಸುವಂತೆ ಸರ್ಕಾರ ಯಾಕೆ ಹೇಳಬಾರದು?

— ಒಬ್ಬ ಕುಶನ್ ಕೆಲಸಗಾರ, ಮಂಡಿ ಮೊಹಲ್ಲಾ, ಮೈಸೂರು