ಮರದ ಬೆಳವಣಿಗೆಗೆ ವರ್ಷದ ಸರಾಸರಿ ಅಳತೆಗೋಲಾಗದು

ಸಂಪಾದಕರಿಗೆ,

ಮಾನ್ಯರೇ,

ತಾಪಮಾನ ಏರಿದರೆ ಮರಗಳು ಬೆಳೆಯುವ ಅವಧಿ ಹಿಗ್ಗುತ್ತದೆ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಷ್ಟೂ ಅವು ಹುಲುಸಾಗುತ್ತವೆ, ಆದ್ದರಿಂದ ಹವಾಮಾನದ ಏರುಪೇರಿನಿಂದ ಕಾಡಿಗೆ ಅಂಥ ನಷ್ಟವೇನೂ ಇಲ್ಲ ಎಂಬ ವಾದ ಆಗಾಗ ಕೇಳಿಬರುತ್ತದೆ. ಚಳಿಯೇ ಬೆಳವಣಿಗೆಯನ್ನು ತಡೆಹಿಡಿದಿರುವ ಎತ್ತರದ ಬೆಟ್ಟಗಳಲ್ಲಿ ಇದು ಸ್ವಲ್ಪ ಮಟ್ಟಿಗೆ ನಿಜವಿರಬಹುದು. ಆದರೆ ತೇಗ, ಓಕ್, ಬೀಚ್ ಮೊದಲಾದ ಗಟ್ಟಿಮರಗಳ ಕಾಂಡವನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ.

ತೊಗಟೆಯ ಒಳಗಿರುವ ಕ್ಯಾಂಬಿಯಂ ಎಂಬ ತೆಳು ಪದರ ಪ್ರತಿ ಋತುವಿನಲ್ಲೂ ಹೊಸ ಕೋಶಗಳನ್ನು ಹುಟ್ಟಿಸುತ್ತದೆ. ಆ ಕೋಶಗಳು ಹಿಗ್ಗಬೇಕಾದರೆ ಅವುಗಳೊಳಗೆ ನೀರಿನ ಒತ್ತಡವಿರಬೇಕು. ಮಣ್ಣು ಒಣಗಿದಾಗ ಎಲೆಗಳು ಆಹಾರ ತಯಾರಿಸುವುದು ನಿಲ್ಲುವ ಮೊದಲೇ ಕಾಂಡ ದಪ್ಪವಾಗುವುದು ನಿಂತುಬಿಡುತ್ತದೆ. ಮೇಲ್ನೋಟಕ್ಕೆ ಹಸಿರಾಗಿಯೇ ಇರುವ ಮರ ಆ ವರ್ಷ ಬೆಳೆದೇ ಇರದಿರಬಹುದು ಎಂಬುದು, ಕಾಡಿನ ಆರೋಗ್ಯವನ್ನು ಹಸಿರಿನಿಂದಲೇ ಅಳೆಯುವ ನಾವು ಗಮನಿಸಲೇಬೇಕಾದ ಮಾತು.

ಓಕ್ ಮರ ವಸಂತದಲ್ಲಿ ಎಲೆ ಪೂರ್ತಿ ಬಿಡುವ ಮುಂಚೆಯೇ, ಹಿಂದಿನ ವರ್ಷ ಕೂಡಿಟ್ಟ ಪಿಷ್ಟವನ್ನು ಬಳಸಿ ಅಗಲವಾದ ನೀರ್ನಾಳಗಳನ್ನು ಕಟ್ಟಿಕೊಳ್ಳುತ್ತದೆ. ಹಾಗಾಗಿ ಕಾಂಡದೊಳಗೆ ವರ್ಷಕ್ಕೊಂದರಂತೆ ಮೂಡುವ ಬೆಳವಣಿಗೆಯ ಉಂಗುರದಲ್ಲಿ ಹಿಂದಿನ ವರ್ಷದ ಬರವೂ ಸೇರಿರುತ್ತದೆ. ತೀವ್ರ ಬರದಲ್ಲಿ ನಾಳಗಳೊಳಗೆ ಗಾಳಿಗುಳ್ಳೆಗಳು ಹೊಕ್ಕು ನೀರಿನ ಎಳೆ ಕಡಿದುಹೋಗುತ್ತದೆ; ಮಳೆ ಮರಳಿದರೂ ಮರ ಒಡನೆಯೇ ಚೇತರಿಸಿಕೊಳ್ಳುವುದಿಲ್ಲ. ಹಲವೆಡೆಯ ಉಂಗುರಗಳನ್ನು ಹೋಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬರ ಮುಗಿದ ಬಳಿಕವೂ 1ರಿಂದ 4 ವರ್ಷಗಳವರೆಗೆ ಬೆಳವಣಿಗೆ ಕುಂಠಿತವಾಗಿರುವುದನ್ನು ತೋರಿಸಿತು. ಹೀಗಿರುವಾಗ ಎರಡು ಬರಗಳ ನಡುವಿನ ಅಂತರ ಕಡಿಮೆಯಾಗುತ್ತ ಹೋದರೆ ಗತಿಯೇನು?

ವಸಂತ ಬೇಗ ಬಂದರೆ ಲಾಭವೆಂಬ ನಂಬಿಕೆಯೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಎಲೆ ಉದುರಿಸುವ ಸಮಶೀತೋಷ್ಣ ಮರಗಳ ಕಾಂಡದ ಸುತ್ತಳತೆಯನ್ನು ವರ್ಷಗಟ್ಟಲೆ ಅಳೆದು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಚ್ಚನೆಯ ವಸಂತದಿಂದ ಬೆಳವಣಿಗೆ ಬೇಗ ಆರಂಭವಾಗುತ್ತದೆಯೇ ಹೊರತು ವರ್ಷದ ಒಟ್ಟು ಬೆಳವಣಿಗೆ ಹೆಚ್ಚುವುದಿಲ್ಲ ಎಂಬುದು ಕಂಡುಬಂದಿತು. ಇನ್ನು ಅಪಾಯವಂತೂ ಇದ್ದೇ ಇದೆ: 2007ರಲ್ಲಿ ಅಮೆರಿಕದ ಪೂರ್ವ ಭಾಗದಲ್ಲಿ ಮಾರ್ಚಿನ ಸೆಕೆಗೆ ಚಿಗುರಿದ ಎಲೆಗಳು ಏಪ್ರಿಲ್‌ನ ಹಿಮಕ್ಕೆ ಸುಟ್ಟು ಕರಕಲಾದವು. ಮತ್ತೆ ಚಿಗುರಲು ಮರಗಳು ಕೂಡಿಟ್ಟ ಆಹಾರವನ್ನೇ ಖರ್ಚು ಮಾಡಬೇಕಾಯಿತು.

ಇಂಗಾಲದ ಡೈಆಕ್ಸೈಡ್‌ನ ವಿಚಾರ ಇನ್ನೂ ಸ್ಪಷ್ಟ. ಬೊಲಿವಿಯಾ, ಕ್ಯಾಮರೂನ್ ಮತ್ತು ಥಾಯ್ಲೆಂಡಿನ ಉಷ್ಣವಲಯದ ಮರಗಳ 150 ವರ್ಷಗಳ ಉಂಗುರಗಳನ್ನು ಪರಿಶೀಲಿಸಿದಾಗ, ಗಾಳಿಯಲ್ಲಿ ಈ ಅನಿಲ ಹೆಚ್ಚಿದಂತೆ ಅವು ನೀರನ್ನು ಹೆಚ್ಚು ಮಿತವಾಗಿ ಬಳಸುತ್ತಿರುವುದು ಗೊತ್ತಾಯಿತು. ಆದರೆ ಅದರಿಂದ ಅವುಗಳ ಬೆಳವಣಿಗೆ ಹೆಚ್ಚಿರಲಿಲ್ಲ.

ಆದ್ದರಿಂದ ನೆಡುತೋಪುಗಳನ್ನು ಯೋಜಿಸುವವರು ವಾರ್ಷಿಕ ಮಳೆಯ ಒಟ್ಟು ಮೊತ್ತವನ್ನಷ್ಟೇ ನೋಡಿ ಜಾತಿಯನ್ನು ಆರಿಸಬಾರದೆಂಬುದು ನನ್ನ ಕಳಕಳಿಯ ವಿನಂತಿ. ಒಟ್ಟು ಮಳೆ ಅಷ್ಟೇ ಇದ್ದರೂ ಅದು ಯಾವ ತಿಂಗಳಲ್ಲಿ ಬಿತ್ತು, ನಡುವೆ ಎಷ್ಟು ದಿನ ಬಿಡುವು ಕೊಟ್ಟಿತು ಎಂಬುದು ಮರಕ್ಕೆ ಮುಖ್ಯ. ತೇಗದಲ್ಲಿ ಋತುವಿನ ನಡುವೆ ಮಳೆ ಕೈಕೊಟ್ಟು ಮತ್ತೆ ಬಂದಾಗ ಅದೇ ವರ್ಷದಲ್ಲಿ ಇನ್ನೊಂದು, ಹುಸಿ ಉಂಗುರವೇ ಮೂಡುವುದುಂಟು. ಇಷ್ಟು ವಿವರವಾದ ದಾಖಲೆ ಪ್ರತಿ ದಿಮ್ಮಿಯಲ್ಲೂ ಇದೆ. ವಯಸ್ಸಾದ ಮರವನ್ನು ಉರುಳಿಸಬೇಕಾಗಿ ಬಂದಾಗ ಬುಡದ ಒಂದು ಬಿಲ್ಲೆಯನ್ನಾದರೂ ತೆಗೆದಿಟ್ಟು, ಎಲ್ಲಿಯದು, ಯಾವ ವರ್ಷ ಕಡಿದದ್ದು ಎಂದು ಅದರ ಮೇಲೆ ಬರೆದಿಡುವ ನಿಯಮ ಬರಲಿ. ನಿಂತ ಮರವಾದರೆ ಪೆನ್ಸಿಲ್ ಗಾತ್ರದ ತಿರುಳನ್ನು ಕೊರೆದು ತೆಗೆಯುವ ಉಪಕರಣವಿದೆ. ಅದಕ್ಕಾಗಿ ಮರ ಕಡಿಯಬೇಕಿಲ್ಲ.

ಇಂತಿ,
ಒಬ್ಬ ಓದುಗ