ಸೋಮಾರಿಗಳು ಯಾರು?

ಮಾನ್ಯರೇ,

‘ಬಿಟ್ಟಿ ಅಕ್ಕಿ ಕೊಟ್ಟು ಜನರನ್ನು ಸೋಮಾರಿ ಮಾಡಿದರು’ ಎಂಬ ಮಾತು ದಾವಣಗೆರೆಯ ಬೆಣ್ಣೆದೋಸೆ ಹೋಟೆಲುಗಳಲ್ಲಿ ದಿನವೂ ಕಿವಿಗೆ ಬೀಳುತ್ತದೆ. ಹಾಗೆನ್ನುವವರು ಒಮ್ಮೆ ನಮ್ಮೂರ ಮಂಡಕ್ಕಿ ಭಟ್ಟಿಗಳ ಕಡೆ ಹೋಗಿ ಬರಲಿ. ಹೊಗೆ ಕುಡಿಯುತ್ತಾ, ಕಾದ ಮರಳಿನಲ್ಲಿ ಅಕ್ಕಿ ಹುರಿಯುವವರಲ್ಲಿ ಸೋಮಾರಿ ಯಾರೆಂದು ತೋರಿಸಲಿ.

ಕಳೆದ ತಿಂಗಳು ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನನ್ನ ಮುಂದಿದ್ದ ಅಜ್ಜಿಯ ಹೆಬ್ಬೆಟ್ಟನ್ನು ಯಂತ್ರ ಹಿಡಿಯಲಿಲ್ಲ. ಸೆರಗಿಗೆ ಒರೆಸಿಕೊಂಡು ಐದಾರು ಸಲ ಒತ್ತಿದರು. ದುಡಿದು ದುಡಿದು ಗೆರೆಯೇ ಸವೆದಿತ್ತು. ಅಂಗಡಿಯವರು ‘ನಾಳೆ ಬಾ’ ಎಂದರು. ನಾಳೆ ಬಂದರೆ ಆಕೆಯ ಒಂದು ದಿನದ ಕೂಲಿ ಹೋಯಿತು.

ಬಿಹಾರ, ಒಡಿಶಾದಿಂದ ಕಟ್ಟಡ ಕೆಲಸಕ್ಕೆ ಬಂದವರ ಪಾಡು ಬೇರೆಯೇ. ‘ಒಂದು ದೇಶ, ಒಂದು ಪಡಿತರ ಚೀಟಿ’ಯಡಿ ಅವರೂರಿನ ಕಾರ್ಡಿಗೇ ಇಲ್ಲಿ ಆಹಾರ ಭದ್ರತಾ ಕಾಯ್ದೆಯ ಪಾಲು ಸಿಗಬೇಕು. 2021ರ ಜುಲೈ 31ರೊಳಗೆ ಇದನ್ನು ಜಾರಿ ಮಾಡಿ ಎಂದು ರಾಜ್ಯಗಳಿಗೆ ಸುಪ್ರೀಂ ಕೋರ್ಟ್ ಹೇಳಿತ್ತು. ಎಷ್ಟು ಕೂಲಿಕಾರರಿಗೆ ಇದು ಗೊತ್ತು? ಅಂಗಡಿ ಮುಂದೆ ಹಿಂದಿಯಲ್ಲಿ ಎರಡು ಸಾಲಿನ ಫಲಕ ಹಾಕಿಸಲು ಏನು ಮಹಾ ಖರ್ಚು!

ಹೌದು, ಅಕ್ಕಿ ಕಾಳಸಂತೆಗೆ ಹೋಗುವುದುಂಟು. ಕಾರಿದ್ದವರ ಮನೆಯಲ್ಲೂ ಬಿಪಿಎಲ್ ಕಾರ್ಡಿದೆ. ಅವರನ್ನು ಹಿಡಿಯಿರಿ, ಬೇಡವೆಂದವರಾರು? ಆ ಭರದಲ್ಲಿ ಅಜ್ಜಿಯಂಥವರ ಹೆಸರೂ ಹಾರಿಹೋದರೆ ಯಾವ ಕಚೇರಿಯ ಬಾಗಿಲು ತಟ್ಟಬೇಕೆಂದು ಅವರಿಗೆ ತಿಳಿಯದು. ಬೆರಳಚ್ಚು ಹಿಡಿಯದಿದ್ದರೆ ಒಟಿಪಿ ಪಡೆದೋ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡೋ ಅಂದೇ ಅಕ್ಕಿ ಅಳೆದುಕೊಡುವಂತೆ ಆಹಾರ ಇಲಾಖೆ ಅಂಗಡಿಗಳಿಗೆ ತಾಕೀತು ಮಾಡಲಿ.

– ನಿವೃತ್ತ ಶಿಕ್ಷಕಿ, ದಾವಣಗೆರೆ