ಕವಾಯತಿಗೆ ಒಗ್ಗದ ಯುದ್ಧಗೀತೆ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಮೊದಲ ಮಹಾಯುದ್ಧದ ಹಾಡುಗಳ ಕುರಿತ ಬರಹ ಸೊಗಸಾಗಿತ್ತು. ಆದರೆ ಸರ್ಬಿಯಾದ ‘ತಾಮೊ ದಲೆಕೊ’ವನ್ನು ರಕ್ತ ಕುದಿಸುವ ಕವಾಯತು ಗೀತೆ ಎಂದು ಕರೆದಿರುವುದನ್ನು ಒಪ್ಪಲಾರೆ. ಲೇಖಕರು ಬಹುಶಃ ‘ಡ್ರಿನಾ ಮಾರ್ಚ್’ ಎಂಬ ಬೇರೊಂದು ಕೃತಿಯೊಂದಿಗೆ ಅದನ್ನು ಬೆರೆಸಿಕೊಂಡಿದ್ದಾರೆ. 1914ರ ಆಗಸ್ಟ್‌ನಲ್ಲಿ ಸೆರ್ ಬೆಟ್ಟದಲ್ಲಿ ಆಸ್ಟ್ರಿಯಾ-ಹಂಗರಿಯ ಸೇನೆಯನ್ನು ಸೋಲಿಸಿದ ಹುರುಪಿನಲ್ಲಿ ಸ್ತಾನಿಸ್ಲಾವ್ ಬಿನಿಚ್ಕಿ ರಚಿಸಿದ್ದು ಆ ಡ್ರಿನಾ ಮಾರ್ಚ್. ಅದು ಗೆದ್ದವರ ಸಂಗೀತ.

ಎಡ-ಬಲ ಹೆಜ್ಜೆಗೆ ಎರಡರ ಲೆಕ್ಕ ಬೇಕು. ‘ತಾಮೊ ದಲೆಕೊ’ ಇರುವುದು ಮೂರರ ನಡೆಯಲ್ಲಿ, ವಾಲ್ಟ್ಸ್‌ನಂತೆ. ಅದಕ್ಕೆ ಹೆಜ್ಜೆ ಹಾಕಿ ನೋಡಿ: ಒಮ್ಮೆ ಎಡಗಾಲಿಗೆ ಬಿದ್ದ ಪೆಟ್ಟು ಮುಂದಿನ ಸುತ್ತಿನಲ್ಲಿ ಬಲಗಾಲಿಗೆ ಬೀಳುತ್ತದೆ. ಕುಳಿತಲ್ಲೇ ತೂಗುತ್ತ, ನಿಧಾನವಾಗಿ ದನಿಗೂಡಿಸುವ ಹಾಡು ಅದು.

ಹಾಡಿದವರಿಗೆ ನಡೆದು ನಡೆದು ಸಾಕಾಗಿತ್ತು ಕೂಡ. 1915ರ ಶರತ್ಕಾಲದಲ್ಲಿ ಉತ್ತರದಿಂದ ಜರ್ಮನಿ, ಆಸ್ಟ್ರಿಯಾ-ಹಂಗರಿ, ಪೂರ್ವದಿಂದ ಬಲ್ಗೇರಿಯಾ ಮೇಲೆರಗಿದಾಗ ಸರ್ಬಿಯಾದ ಸೇನೆ ಶರಣಾಗಲಿಲ್ಲ, ದೇಶವನ್ನೇ ಬಿಟ್ಟು ಹೊರಟಿತು. ಚಳಿಗಾಲದ ನಡುವೆ ಮಾಂಟೆನೆಗ್ರೊ, ಅಲ್ಬೇನಿಯಾದ ಹಿಮದ ಬೆಟ್ಟಗಳನ್ನು ಹತ್ತಿಳಿಯಿತು. ಎಪ್ಪತ್ತು ದಾಟಿದ ದೊರೆ ಪೀಟರ್ ಕೂಡ ಜೊತೆಗಿದ್ದ. ಹಸಿವು, ಟೈಫಸ್, ಹಿಮಕ್ಕೆ ಸಿಕ್ಕು ಸತ್ತವರು ಅಸಂಖ್ಯ. ಉಳಿದವರನ್ನು ಮಿತ್ರರಾಷ್ಟ್ರಗಳ ಹಡಗುಗಳು ಗ್ರೀಸಿನ ಕೊರ್ಫು ದ್ವೀಪಕ್ಕೆ ಸಾಗಿಸಿದವು. ಬದುಕಿದೆವು ಎಂದುಕೊಂಡವರೂ ಅಲ್ಲಿ ಸಾಯತೊಡಗಿದರು. ಪಕ್ಕದ ಪುಟ್ಟ ವೀಡೊ ದ್ವೀಪದಲ್ಲಿ ಹೂಳಲು ನೆಲ ಸಾಲದೆ ಐದು ಸಾವಿರಕ್ಕೂ ಹೆಚ್ಚು ಶವಗಳನ್ನು ಕಡಲಿಗೆ ಬಿಡಬೇಕಾಯಿತು. ಆ ನೀರನ್ನು ‘ನೀಲಿ ಸಮಾಧಿ’ ಎಂದು ಕರೆದ ಕವಿ ಮಿಲುಟಿನ್ ಬೊಯಿಚ್ ಸಹ 1917ರಲ್ಲಿ, ಇಪ್ಪತ್ತೈದರ ಹರೆಯದಲ್ಲಿ, ಕ್ಷಯದಿಂದ ತೀರಿಕೊಂಡ.

1916ರಲ್ಲಿ ಈ ಹಾಡು ಹುಟ್ಟಿದ್ದು ಕೊರ್ಫು ದ್ವೀಪದಲ್ಲಿ. ಬರೆದವರು ತಾವೆಂದು ಹಲವರು ಮುಂದೆ ಬಂದರು, ಆ ಜಗಳ ಇಲ್ಲಿ ಬೇಡ. ‘ತಾಮೊ ದಲೆಕೊ’ ಎಂದರೆ ‘ಅಲ್ಲಿ, ದೂರದಲ್ಲಿ’. ನನ್ನ ಹಳ್ಳಿ ಕಡಲಿನಿಂದ ಬಹಳ ದೂರದಲ್ಲಿದೆ ಎಂದೇ ಹಾಡು ಆರಂಭವಾಗುತ್ತದೆ. ದೂರವನ್ನು ಕಡಲಿನಿಂದ ಏಕೆ ಅಳೆದರು ಎಂಬುದು ವೀಡೊ ದ್ವೀಪದ ಕಥೆ ಗೊತ್ತಿಲ್ಲದವರಿಗೆ ಹೊಳೆಯುವುದಿಲ್ಲ. ಮುಂದೊಂದು ಕಡೆ ಹಳದಿ ನಿಂಬೆ ಅರಳುವ ನಾಡಿನ ಮಾತೂ ಬರುತ್ತದೆ, ಆದರೆ ಆ ಚೆಲುವಿನಲ್ಲಿ ಯಾರಿಗೂ ಮನಸ್ಸಿಲ್ಲ.

ಆ ಸೈನಿಕರು 1918ರ ಕೊನೆಗೆ ಊರು ಸೇರಿದರು. ಹಾಡು ಮಾತ್ರ ಪರದೇಶದಲ್ಲಿರುವವರ ಪಾಲಿಗೆ ಉಳಿಯಿತು. ವಿಜ್ಞಾನಿ ನಿಕೋಲಾ ಟೆಸ್ಲಾ ತೀರಿಕೊಂಡಾಗ, 1943ರ ಜನವರಿಯಲ್ಲಿ ನ್ಯೂಯಾರ್ಕ್ ಮೇಯರ್ ರೇಡಿಯೊದಲ್ಲಿ ಶ್ರದ್ಧಾಂಜಲಿ ಓದುತ್ತಿದ್ದರೆ ಹಿನ್ನೆಲೆಯಲ್ಲಿ ಪಿಟೀಲಿನ ಮೇಲೆ ನುಡಿದದ್ದು ಇದೇ ರಾಗ. ಸರ್ಬ್ ಮನೆತನದ ಟೆಸ್ಲಾ ಹುಟ್ಟಿದ ಹಳ್ಳಿ ಸರ್ಬಿಯಾದಲ್ಲಿರಲಿಲ್ಲ, ಇಂದಿನ ಕ್ರೊಯೇಷಿಯಾದಲ್ಲಿದೆ.

– ನಿವೃತ್ತ ಸಂಗೀತ ಶಿಕ್ಷಕ, ಧಾರವಾಡ